ವರ, ಸೇವೆ, ಅಧಿಕಾರ: ನಮ್ಮ ಧರ್ಮಕೇಂದ್ರಗಳ ಮುಂದಿರುವ ಪ್ರಶ್ನೆ

ಕಥೋಲಿಕ ಧರ್ಮಸಭೆಯ ಆಗುಹೋಗುಗಳನ್ನು ಗಮನಿಸುತ್ತಿರುವ ಓದುಗರಿಗೆ 'ಸಿನೊಡ್' ಎಂಬ ಪದ ಈಗ ಅಪರಿಚಿತವಲ್ಲ. ಜಗದ್ಗುರು ಫ್ರಾನ್ಸಿಸರು 2021ರ ಅಕ್ಟೋಬರಿನಲ್ಲಿ ಆರಂಭಿಸಿದ ಈ ಸಮಾಲೋಚನೆ, 2023 ಮತ್ತು 2024ರ ಅಕ್ಟೋಬರ್ ತಿಂಗಳುಗಳಲ್ಲಿ ರೋಮಿನಲ್ಲಿ ನಡೆದ ಎರಡು ಅಧಿವೇಶನಗಳ ಬಳಿಕ, 155 ಪರಿಚ್ಛೇದಗಳ ಅಂತಿಮ ದಸ್ತಾವೇಜಿನೊಂದಿಗೆ 2024ರ ಅಕ್ಟೋಬರ್ 26ರಂದು ಒಂದು ಘಟ್ಟವನ್ನು ಮುಟ್ಟಿತು. ಅದನ್ನು ಕಾರ್ಯರೂಪಕ್ಕೆ ತರುವ ಮೂರು ವರ್ಷಗಳ ಯೋಜನೆ 2025ರ ಮಾರ್ಚಿನಲ್ಲಿ ಪ್ರಕಟವಾಯಿತು. ಅದೇ ವರ್ಷದ ಏಪ್ರಿಲ್ 21ರಂದು ಫ್ರಾನ್ಸಿಸರು ದೈವಾಧೀನರಾದರು. ಮೇ 8ರಂದು ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಅವರು ಅದೇ ಹಾದಿಯನ್ನು ಮುಂದುವರಿಸಿದ್ದಾರೆ. 2028ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಸೇರಬೇಕಾದ ಮಹಾಸಭೆಗೆ ಜಗತ್ತಿನ ಎಲ್ಲ ಧರ್ಮಪ್ರಾಂತ್ಯಗಳೂ ತಮ್ಮ ಅನುಭವವನ್ನು ಒಯ್ಯಬೇಕಾಗಿದೆ.

ರೋಮಿನ ಈ ಮಾತುಗಳಿಗೂ ಕಡೂರಿನ ಬಯಲಿಗೂ, ತರೀಕೆರೆಯ ಅಡಿಕೆ ತೋಟಗಳಿಗೂ, ಅಜ್ಜಂಪುರದ ಹೊಲಗಳಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಅಸಂಗತವೇನಲ್ಲ. ಆದರೆ ಸಂಬಂಧವಿದೆ. ಸಿನೊಡ್ ಕೇಳಿದ ಮೂಲ ಪ್ರಶ್ನೆ ಇದು: ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ ಪವಿತ್ರಾತ್ಮರು ಯಾವುದಾದರೊಂದು ವರವನ್ನು ನೀಡಿರುವರೆಂದು ನಾವು ನಂಬುವುದಾದರೆ, ಆ ವರಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎಲ್ಲಿ ಅಡಗಿ ಕುಳಿತಿವೆ? ಅವುಗಳನ್ನು ಗುರುತಿಸುವವರು ಯಾರು? ಮುಂದಾಳುತನಕ್ಕೂ ಆ ವರಗಳಿಗೂ ಇರುವ ನಂಟು ಯಾವುದು?

ನಮ್ಮ ಭಾಗದ ಚಿತ್ರ

2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರ ಪ್ರಮಾಣ ಶೇಕಡಾ 1.87 ಮಾತ್ರ. ಚಿಕ್ಕಮಗಳೂರು ಧರ್ಮಪ್ರಾಂತ್ಯ ಮೈಸೂರಿನಿಂದ ಬೇರ್ಪಟ್ಟು ಸ್ಥಾಪನೆಗೊಂಡದ್ದು 1963ರಲ್ಲಿ. ಅದರಿಂದ ಶಿವಮೊಗ್ಗ ಪ್ರತ್ಯೇಕವಾದದ್ದು 1988ರಲ್ಲಿ. ಮಲೆನಾಡಿನ ಕಾಫಿ ಸೀಮೆಯಲ್ಲಿ ಕ್ರೈಸ್ತ ಕುಟುಂಬಗಳು ಒಂದಿಷ್ಟು ಒತ್ತಾಗಿ ಕಾಣುತ್ತವೆ. ಘಟ್ಟದ ತಪ್ಪಲಿನಿಂದ ಬಯಲಿಗೆ ಇಳಿದಂತೆ ಅವು ವಿರಳವಾಗುತ್ತವೆ. ಕಡೂರು, ಬೀರೂರು, ತರೀಕೆರೆಗಳು ಹೆದ್ದಾರಿಯ ಮೇಲಿವೆ. ತರೀಕೆರೆ ತಾಲ್ಲೂಕಿನ ಭಾಗವಾಗಿದ್ದು ಈಚೆಗೆ ಸ್ವತಂತ್ರ ತಾಲ್ಲೂಕಾದ ಅಜ್ಜಂಪುರ ರೈಲು ದಾರಿಯ ಮೇಲಿದೆ. ಈ ಊರುಗಳಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಅಲ್ಲಲ್ಲಿ ಒಂದೆರಡು ಮನೆ, ಕೆಲವೆಡೆ ಹತ್ತು ಮನೆ. ಕೆಲವರ ಮನೆಮಾತು ಕನ್ನಡ, ಕೆಲವರದು ತಮಿಳು, ಕೆಲವರದು ಕೊಂಕಣಿ, ಮತ್ತೆ ಕೆಲವರದು ಮಲಯಾಳಂ. ಗುರುಗಳು ಒಬ್ಬರು, ತಲುಪಬೇಕಾದ ಹಳ್ಳಿಗಳು ಹಲವು.

ಇಂತಹ ಕಡೆ ನಾಯಕತ್ವದ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ. ರಾತ್ರಿ ಹತ್ತು ಗಂಟೆಗೆ ಹಳ್ಳಿಯೊಂದರಲ್ಲಿ ಸಾವು ಸಂಭವಿಸಿದರೆ, ಗುರುಗಳು ಬರುವವರೆಗೆ ಆ ಮನೆಯಲ್ಲಿ ಜಪಸರ ನಡೆಸುವವರು ಯಾರು? ಭಾನುವಾರ ಬಲಿಪೂಜೆ ಇಲ್ಲದ ಕಡೆ ಮಕ್ಕಳಿಗೆ ಶಿಲುಬೆಯ ಗುರುತು ಹಾಕಲು ಕಲಿಸುವವರು ಯಾರು? ಗಂಡನ ಕುಡಿತದಿಂದ ಬೇಸತ್ತ ತಾಯಿ ಯಾರ ಬಳಿ ಮೊದಲು ಹೋಗುತ್ತಾಳೆ? ಈ ಪ್ರಶ್ನೆಗಳಿಗೆ ಪ್ರತಿಯೊಂದು ಹಳ್ಳಿಯಲ್ಲೂ ಒಂದು ಹೆಸರಿರುತ್ತದೆ. ಆಶ್ಚರ್ಯವೆಂದರೆ ಆ ಹೆಸರು ಅನೇಕ ವೇಳೆ ಧರ್ಮಕೇಂದ್ರದ ಪಾಲನಾ ಸಮಿತಿಯ ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿರುವ ಹೆಸರುಗಳನ್ನು ಆ ತಾಯಿ ಕೇಳಿಯೇ ಇರುವುದಿಲ್ಲ.

ಇನ್ನೊಂದು ಕಡೆ, ಪ್ರಾರ್ಥನಾ ಕೂಟಗಳಲ್ಲಿ ರೋಗಿಗಳಿಗಾಗಿ ಕೈಯಿಟ್ಟು ಪ್ರಾರ್ಥಿಸುವ ಶ್ರೀಸಾಮಾನ್ಯರೊಬ್ಬರು ಇದ್ದಕ್ಕಿದ್ದಂತೆ ಪ್ರಸಿದ್ಧರಾಗುತ್ತಾರೆ. ಜನ ಅವರ ಹಿಂದೆ ಹೋಗುತ್ತಾರೆ. ಸಮಿತಿಯ ಪದಾಧಿಕಾರಿಗಳು ಮುನಿಯುತ್ತಾರೆ, ಗುರುಗಳು ಶಂಕಿಸುತ್ತಾರೆ. ಕೆಲವು ತಿಂಗಳಲ್ಲಿ ಆ ವ್ಯಕ್ತಿಯೂ ಆತನೊಂದಿಗೆ ಕೆಲವು ಕುಟುಂಬಗಳೂ ಬೇರೊಂದು ಸಭೆಯತ್ತ ಮುಖ ಮಾಡುತ್ತಾರೆ. ಮೂವತ್ತು ಮನೆಗಳ ಸಮುದಾಯದಲ್ಲಿ ಐದು ಮನೆ ಹೋದರೆ ಅದು ಸಣ್ಣ ನಷ್ಟವಲ್ಲ. ಈ ಬಗೆಯ ಒಡಕು ಏಕೆ ಉಂಟಾಗುತ್ತದೆ ಎಂಬುದನ್ನು ತಾಳ್ಮೆಯಿಂದ ವಿಶ್ಲೇಷಿಸುವುದು ಈ ಲೇಖನದ ಉದ್ದೇಶ.

ಮೂರು ಪದಗಳ ಗೊಂದಲ

ನಮ್ಮ ಆಡುಮಾತಿನಲ್ಲಿ ಮೂರು ಸಂಗತಿಗಳು ಒಂದರೊಳಗೊಂದು ಕಲಸಿಹೋಗಿವೆ. ಮೊದಲನೆಯದು ವರ: ದೇವರು ಒಬ್ಬ ವ್ಯಕ್ತಿಗೆ ನೀಡುವ ಸಾಮರ್ಥ್ಯ. ಎರಡನೆಯದು ಸೇವೆ: ಆ ಸಾಮರ್ಥ್ಯವನ್ನು ಪರರಿಗಾಗಿ ನಿರಂತರವಾಗಿ ವ್ಯಯಿಸುವ ಕಾರ್ಯ. ಮೂರನೆಯದು ಅಧಿಕಾರ: ಸಮುದಾಯದ ಪರವಾಗಿ ತೀರ್ಮಾನಿಸುವ, ಹೊಣೆ ಹೊರುವ ಸ್ಥಾನ. ವರವಿದ್ದವರೆಲ್ಲ ಅಧಿಕಾರಿಗಳಲ್ಲ. ಅಧಿಕಾರದಲ್ಲಿರುವವರಿಗೆ ಎಲ್ಲ ವರಗಳೂ ಇರುವುದಿಲ್ಲ. ಸೇವೆ ಮಾಡುವವರಿಗೆ ಅನೇಕ ವೇಳೆ ಯಾವ ಬಿರುದೂ ಇರುವುದಿಲ್ಲ. ಈ ಮೂರನ್ನೂ ಒಂದೇ ಎಂದು ಭಾವಿಸಿದಾಗ ಪ್ರಾರ್ಥನಾ ಕೂಟದ ಮುಂದಾಳು ತನಗೆ ಧರ್ಮಕೇಂದ್ರದ ಆಡಳಿತವೂ ಸಲ್ಲಬೇಕೆಂದು ಬಯಸುತ್ತಾನೆ. ಸಮಿತಿಯ ಕಾರ್ಯದರ್ಶಿ ತನಗೆ ಬೋಧಿಸುವ ವರವೂ ಇದೆಯೆಂದು ನಂಬುತ್ತಾನೆ. ಗುರುವಾದವನು ಗುರುದೀಕ್ಷೆಯ ಜೊತೆಗೆ ಲೆಕ್ಕಪತ್ರ, ಸಂಗೀತ, ಕಟ್ಟಡ ನಿರ್ಮಾಣ ಎಲ್ಲದರ ಜ್ಞಾನವೂ ತನಗೆ ಪ್ರಾಪ್ತವಾಯಿತೆಂದು ತಿಳಿಯುತ್ತಾನೆ.

ಮಧ್ಯಯುಗದ ಮಹಾ ದಾರ್ಶನಿಕ ಸಂತ ತೋಮಸ್ ಅಕ್ವಿನಾಸರು ಈ ವಿಷಯದಲ್ಲಿ ಒಂದು ಬೆಲೆಬಾಳುವ ಭೇದವನ್ನು ಗುರುತಿಸಿದ್ದಾರೆ. ಒಂದು ಬಗೆಯ ಕೃಪೆ ಮನುಷ್ಯನನ್ನೇ ಪಾವನಗೊಳಿಸಿ ದೇವರೊಂದಿಗೆ ಒಂದುಗೂಡಿಸುತ್ತದೆ. ಇನ್ನೊಂದು ಬಗೆಯ ಕೃಪೆ ಪರರ ಹಿತಕ್ಕಾಗಿ ಉಚಿತವಾಗಿ ದೊರೆಯುವಂಥದು. ಅದನ್ನು ಪಡೆದವನು ಸ್ವತಃ ಪಾವನನೇ ಆಗಿರಬೇಕೆಂಬ ನಿಯಮವಿಲ್ಲ. ಪ್ರವಾದನೆ, ಗುಣಪಡಿಸುವಿಕೆ, ಪರಭಾಷೆ ಮುಂತಾದ ವರಗಳೆಲ್ಲ ಎರಡನೆಯ ಗುಂಪಿಗೆ ಸೇರಿದವು. ಇದರ ಅರ್ಥ ಗಂಭೀರವಾದುದು. ಒಬ್ಬನ ಪ್ರಾರ್ಥನೆಯಿಂದ ರೋಗಿ ಗುಣಮುಖನಾದರೂ ಅದು ಪ್ರಾರ್ಥಿಸಿದವನ ಪಾವಿತ್ರ್ಯಕ್ಕೆ ಸಾಕ್ಷಿಯಲ್ಲ. ಅವನ ಎಲ್ಲ ಮಾತುಗಳಿಗೂ ಅದು ಮುದ್ರೆಯಲ್ಲ. ಹಾಗೆಯೇ ಯಾವ ವಿಶೇಷ ವರವೂ ಕಾಣದ ಸಾಮಾನ್ಯ ಗೃಹಿಣಿ ದೇವರಿಗೆ ಅತ್ಯಂತ ಸಮೀಪದಲ್ಲಿರಬಹುದು. 2022ರ ಮೇ 15ರಂದು ಸಂತ ಪದವಿಗೇರಿದ ದೇವಸಹಾಯಂ ಅವರನ್ನು ನೋಡಿ: 1752ರಲ್ಲಿ ವಿಶ್ವಾಸಕ್ಕಾಗಿ ಪ್ರಾಣತೆತ್ತ ಅವರು ಗುರುವಲ್ಲ, ಸನ್ಯಾಸಿಯಲ್ಲ, ಸಂಸಾರಸ್ಥರು. ಭಾರತದ ಶ್ರೀಸಾಮಾನ್ಯರಲ್ಲಿ ಈ ಪದವಿಗೇರಿದ ಮೊದಲಿಗರು ಅವರೇ.

ಕೊರಿಂಥದ ಪಾಠ

ಈ ಗೊಂದಲ ಹೊಸದಲ್ಲ. ಪ್ರಭುಯೇಸುವಿನ ಪುನರುತ್ಥಾನದ ಬಳಿಕ ಎರಡು ದಶಕಗಳು ಕಳೆಯುವಷ್ಟರಲ್ಲೇ ಗ್ರೀಸಿನ ಬಂದರು ನಗರ ಕೊರಿಂಥದಲ್ಲಿ ಅದು ತಲೆಯೆತ್ತಿತ್ತು. ಅಲ್ಲಿನ ಕ್ರೈಸ್ತರು ಪೌಲನ ಪಕ್ಷ, ಅಪೊಲ್ಲೋಸನ ಪಕ್ಷ, ಕೇಫನ ಪಕ್ಷ ಎಂದು ಹಂಚಿಹೋಗಿದ್ದರು. ಪರಭಾಷೆಯಲ್ಲಿ ಮಾತನಾಡುವವರು ತಮ್ಮನ್ನು ಉಳಿದವರಿಗಿಂತ ಮೇಲೆಂದು ಭಾವಿಸಿದ್ದರು. ಅವರಿಗೆ ಸಂತ ಪೌಲರು ಬರೆದ ಮೊದಲ ಪತ್ರದ 12ರಿಂದ 14ರವರೆಗಿನ ಅಧ್ಯಾಯಗಳು ವರಗಳ ಬಗ್ಗೆ ಧರ್ಮಸಭೆಗೆ ದೊರೆತ ಮೊದಲ ಶಾಸ್ತ್ರ.

ಅಲ್ಲಿ ಪೌಲರು ಮಾಡಿದ್ದೇನು? ವರಗಳನ್ನು ಅವರು ನಿಷೇಧಿಸಲಿಲ್ಲ. ಪರಭಾಷೆ ಮಾತನಾಡಬೇಡಿ ಎನ್ನಲಿಲ್ಲ. ಅವುಗಳ ಕ್ರಮವನ್ನು ಬದಲಿಸಿದರು. ಸಭೆಯ ಕಟ್ಟುವಿಕೆಗೆ ಯಾವುದು ಹೆಚ್ಚು ನೆರವಾಗುವುದೋ ಅದು ಮುಂದೆ, ಆಡಿದವನಿಗೆ ಮಾತ್ರ ಸಂತೋಷ ಕೊಡುವುದು ಹಿಂದೆ. ಅವರ ಪಟ್ಟಿಯಲ್ಲಿ ಪರಭಾಷೆ ಕೊನೆಯಲ್ಲಿ ಬರುವುದು ಆಕಸ್ಮಿಕವಲ್ಲ. ಅದೇ ಪಟ್ಟಿಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಎರಡು ವರಗಳಿವೆ: ಒಂದು, ಪರರಿಗೆ ನೆರವಾಗುವುದು, ಇನ್ನೊಂದು, ಆಡಳಿತ ನಡೆಸುವುದು. ಈ ಎರಡನೆಯದಕ್ಕೆ ಗ್ರೀಕ್ ಮೂಲದಲ್ಲಿರುವ ಪದದ ಅರ್ಥ ಹಡಗಿನ ಚುಕ್ಕಾಣಿ ಹಿಡಿಯುವುದು ಎಂದು. ಬಂದರಿನ ಜನಕ್ಕೆ ಆ ಹೋಲಿಕೆ ಚೆನ್ನಾಗಿ ಗೊತ್ತಿತ್ತು. ಚುಕ್ಕಾಣಿ ಹಿಡಿದವನು ಹಡಗಿನ ಒಡೆಯನಲ್ಲ, ಅದರೊಳಗಿನ ಸರಕೂ ಅವನದಲ್ಲ. ಆದರೆ ಬಂಡೆಗೆ ಬಡಿಯದಂತೆ ದಡ ಸೇರಿಸುವ ಹೊಣೆ ಅವನದು. ಹೀಗೆ ಆಡಳಿತವೂ ಒಂದು ವರ. ವರಗಳ ಮೇಲೆ ಹೊರಗಿನಿಂದ ಬಂದು ಕುಳಿತ ಯಜಮಾನಿಕೆ ಅದಲ್ಲ.

ಈ ಎರಡು ಅಧ್ಯಾಯಗಳ ನಡುವೆ, ಹದಿಮೂರನೆಯದರಲ್ಲಿ, ಪೌಲರು ಪ್ರೀತಿಯ ವಿಷಯವನ್ನು ಇಟ್ಟಿದ್ದಾರೆ. ಮದುವೆಯ ಬಲಿಪೂಜೆಗಳಲ್ಲಿ ನಾವು ಅದನ್ನು ಓದುತ್ತೇವೆ. ಆದರೆ ಅದು ಬರೆಯಲ್ಪಟ್ಟದ್ದು ವಧೂವರರಿಗಲ್ಲ, ಹುದ್ದೆಗಾಗಿ ಕಿತ್ತಾಡುತ್ತಿದ್ದ ಸಭೆಯೊಂದಕ್ಕೆ. ನಮ್ಮ ಸಮಿತಿಗಳ ಸಭೆ ಆರಂಭವಾಗುವ ಮುನ್ನ ಅದನ್ನು ಓದಿದರೆ ಹೆಚ್ಚು ಔಚಿತ್ಯವಿದ್ದೀತು.

ಯೆರೂಸಲೇಮಿನ ಪಾಠ

ನಮ್ಮ ನಾಡಿಗೆ ಇನ್ನೂ ಹತ್ತಿರವಾದ ಪ್ರಸಂಗವೊಂದು ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿದೆ. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನನಿತ್ಯದ ನೆರವಿನ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ದೂರು ಎದ್ದಿತು. ಇದು ಸ್ಪಷ್ಟವಾಗಿ ಭಾಷೆಯ ದೂರು: ಹೀಬ್ರೂ ಬಣದವರು ಬಹುಸಂಖ್ಯಾತರು, ಗ್ರೀಕ್ ಬಣದವರು ಹೊರಗಿನಿಂದ ಬಂದವರು. ಪ್ರೇಷಿತರು ದೂರನ್ನು ಅದುಮಿಡಲಿಲ್ಲ. ಏಳು ಮಂದಿಯನ್ನು ಆರಿಸುವಂತೆ ಸಮುದಾಯಕ್ಕೇ ತಿಳಿಸಿದರು, ಆರಿಸಿದವರ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳು. ದೂರು ಹೇಳಿದ ಪಕ್ಷದ ಜನರ ಕೈಗೇ ಹಂಚಿಕೆಯ ಹೊಣೆಯನ್ನು ಒಪ್ಪಿಸುವ ಧೈರ್ಯವನ್ನು ಆ ಮೊದಲ ಸಭೆ ತೋರಿತೆಂದು ಇದರಿಂದ ತಿಳಿಯಬಹುದು.

ಕರ್ನಾಟಕದ ಕಥೋಲಿಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಪೂಜಾಭಾಷೆಯ ವಿವಾದ ದಶಕಗಳ ಕಾಲ ಧರ್ಮಸಭೆಯನ್ನು ಘಾಸಿಗೊಳಿಸಿದೆ. ನಮ್ಮ ಸಣ್ಣ ಧರ್ಮಕೇಂದ್ರಗಳಲ್ಲೂ ಯಾವ ಮನೆಮಾತಿನವರು ಸಮಿತಿಯಲ್ಲಿದ್ದಾರೆ, ಯಾವ ಮನೆಮಾತಿನವರು ಹಬ್ಬಕ್ಕೆ ವಂತಿಗೆ ಮಾತ್ರ ಕೊಡುತ್ತಾರೆ ಎಂಬ ಲೆಕ್ಕ ಜನರ ಮನಸ್ಸಿನಲ್ಲಿ ಸದಾ ನಡೆಯುತ್ತಿರುತ್ತದೆ. ಈ ನೆಲದ ಭಾಷೆಯಾದ ಕನ್ನಡ ನಮ್ಮೆಲ್ಲರ ಸಾಮಾನ್ಯ ಭಾಷೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಮಾತು ಬೇರೆಯಾದ ಕೂಲಿ ಕುಟುಂಬಕ್ಕೆ ಸಮಿತಿಯಲ್ಲಿ ಬಾಯಿಯೇ ಇಲ್ಲದಿದ್ದರೆ, ಆ ಕುಟುಂಬ ತನ್ನ ಮಾತನ್ನು ಕೇಳುವ ಬೇರೊಂದು ಬಾಗಿಲನ್ನು ಹುಡುಕುವುದರಲ್ಲಿ ಸೋಜಿಗವೇನಿದೆ?

ನಮ್ಮದೇ ಹಿರಿಯರ ಅನುಭವ

ಶ್ರೀಸಾಮಾನ್ಯರ ನಾಯಕತ್ವವೆಂದರೆ ಪಶ್ಚಿಮದಿಂದ ಬಂದ ಹೊಸ ಶೋಕಿ ಎಂದು ಕೆಲವರು ಭಾವಿಸುತ್ತಾರೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಹದಿನೇಳನೆಯ ಶತಮಾನದಲ್ಲಿ ಯೇಸುಸಭೆಯ ಗುರುಗಳು ಆರಂಭಿಸಿದ ಮೈಸೂರು ಮಿಷನ್, ಆ ಸಭೆಯನ್ನು 1773ರಲ್ಲಿ ವಿಸರ್ಜಿಸಿದಾಗ ಬಹುಮಟ್ಟಿಗೆ ಅನಾಥವಾಯಿತು. 1799ರಲ್ಲಿ ಶ್ರೀರಂಗಪಟ್ಟಣದ ಪತನದ ಬಳಿಕ ಇಲ್ಲಿಗೆ ಬಂದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರು 1823ರವರೆಗೆ ದುಡಿದರೂ, ಇಷ್ಟು ವಿಸ್ತಾರವಾದ ಸೀಮೆಯನ್ನು ಬೆರಳೆಣಿಕೆಯ ಗುರುಗಳು ತಲುಪುವುದು ಸಾಧ್ಯವಿರಲಿಲ್ಲ. ಹಳ್ಳಿಗಳಲ್ಲಿ ಜಪತಪಗಳನ್ನು ಕಲಿಸಿದವರು, ರೋಗಿಗಳ ಬಳಿ ಕುಳಿತವರು, ಸತ್ತವರನ್ನು ಮಣ್ಣಿಗಿಡುವಾಗ ಪ್ರಾರ್ಥಿಸಿದವರು ಉಪದೇಶಿಗಳು. ಇಂದಿಗೂ ಹಳೆಯ ಮೈಸೂರಿನ ಹಿರಿಯರ ಬಾಯಲ್ಲಿ 'ಉಪದೇಶಿ' ಎಂಬ ಪದಕ್ಕೆ ಒಂದು ಗೌರವವಿದೆ.

ಘಟ್ಟದ ಕೆಳಗೆ ಕೊಂಕಣಿ ಕಥೋಲಿಕರಲ್ಲಿ 'ಗುರ್ಕಾರ' ಎಂಬ ಮುಖಂಡರ ಪದ್ಧತಿ ಬೆಳೆದು ಬಂದಿದೆ. 1784ರಿಂದ 1799ರವರೆಗೆ ಅವರಲ್ಲಿ ಸಹಸ್ರಾರು ಮಂದಿ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದು, ಉಳಿದವರು ಮರಳಿ ಬಂದು ಸಮುದಾಯವನ್ನು ಮತ್ತೆ ಕಟ್ಟಿದ ಕಥೆ ಎಲ್ಲರಿಗೂ ತಿಳಿದದ್ದೇ. ಸೆರೆವಾಸ ಆರಂಭವಾದ ಅದೇ 1784ರಲ್ಲಿ, ದೂರದ ಕೊರಿಯಾದಲ್ಲಿ, ಬೀಜಿಂಗಿನಲ್ಲಿ ದೀಕ್ಷಾಸ್ನಾನ ಪಡೆದು ಹಿಂದಿರುಗಿದ ಈ ಸುಂಗ್-ಹುನ್ ಎಂಬ ವಿದ್ವಾಂಸ ಮತ್ತು ಆತನ ಗೆಳೆಯರು, ಒಬ್ಬ ಗುರುವೂ ಇಲ್ಲದೆ ಅಲ್ಲಿನ ಧರ್ಮಸಭೆಗೆ ಅಡಿಪಾಯ ಹಾಕಿದರು. ಜಪಾನಿನಲ್ಲಿ 1614ರ ನಿಷೇಧದ ತರುವಾಯ ಎರಡೂವರೆ ಶತಮಾನಗಳ ಕಾಲ ಗುಪ್ತವಾಗಿ ಉಳಿದ ಕ್ರೈಸ್ತರು 1865ರಲ್ಲಿ ನಾಗಸಾಕಿಯಲ್ಲಿ ಫ್ರೆಂಚ್ ಗುರುವೊಬ್ಬರ ಎದುರು ಪ್ರತ್ಯಕ್ಷರಾದರು. ಅವರ ನಡುವೆ ಪ್ರಾರ್ಥನೆ ನಡೆಸುವ ಹೊಣೆ ಒಬ್ಬನದಾದರೆ, ದೀಕ್ಷಾಸ್ನಾನ ನೀಡುವ ಹೊಣೆ ಇನ್ನೊಬ್ಬನದಾಗಿತ್ತು. ಗುರುಗಳಿಲ್ಲದೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಅದು ದೊಡ್ಡ ಕೊರತೆಯೇ ಸರಿ. ಆದರೆ ಗುರುಗಳಿಲ್ಲದ ಕಡೆ ಪವಿತ್ರಾತ್ಮರು ಇರಲಿಲ್ಲವೆಂದು ಯಾರು ಹೇಳಬಲ್ಲರು?

ಮಹಾಸಭೆ ಮತ್ತು ಕಾನೂನು

ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, 1963ರ ಅಕ್ಟೋಬರಿನಲ್ಲಿ, ಇದೇ ವಿಷಯವಾಗಿ ಒಂದು ನೇರ ವಾಗ್ವಾದ ನಡೆಯಿತು. ವರಗಳು ಆದಿಸಭೆಯ ಕಾಲಕ್ಕೆ ಸೇರಿದ ವಿಶೇಷಗಳು, ಈಗ ಅವು ಅತಿ ವಿರಳ ಎಂಬುದು ಇಟಲಿಯ ಕಾರ್ಡಿನಲ್ ರುಫೀನಿ ಅವರ ನಿಲುವು. ಬೆಲ್ಜಿಯಂನ ಕಾರ್ಡಿನಲ್ ಸ್ಯುನೆನ್ಸ್ ಅದನ್ನು ಒಪ್ಪಲಿಲ್ಲ. ವರಗಳೆಂದರೆ ಅದ್ಭುತಗಳು ಮಾತ್ರವಲ್ಲ; ಬೋಧಿಸುವುದು, ಸಂತೈಸುವುದು, ಹೊಣೆ ಹೊರುವುದು ಎಲ್ಲವೂ ವರಗಳೇ, ಅವು ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇವೆ ಎಂದು ವಾದಿಸಿದರು. 1964ರ ನವೆಂಬರ್ 21ರಂದು ಅಂಗೀಕೃತವಾದ ಧರ್ಮಸಭೆಯ ಕುರಿತ ಸಂವಿಧಾನದ ಹನ್ನೆರಡನೆಯ ಪರಿಚ್ಛೇದದಲ್ಲಿ ಗೆದ್ದದ್ದು ಸ್ಯುನೆನ್ಸರ ದೃಷ್ಟಿ. ಆದರೆ ಅದೇ ಪರಿಚ್ಛೇದ ವರಗಳ ಸಾಚಾತನವನ್ನು ಪರೀಕ್ಷಿಸುವ ಹೊಣೆಯನ್ನು ಧರ್ಮಸಭೆಯ ಪಾಲಕರಿಗೆ ಒಪ್ಪಿಸಿತು, ಆತ್ಮರನ್ನು ನಂದಿಸಬಾರದೆಂದು ಅವರನ್ನು ಎಚ್ಚರಿಸಿತು. 2016ರಲ್ಲಿ ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ಪೀಠ ಹೊರಡಿಸಿದ ಪತ್ರವೊಂದು ದೀಕ್ಷೆಯ ಮೂಲಕ ಬರುವ ಅಧಿಕಾರವೂ ನೇರವಾಗಿ ದೊರೆಯುವ ವರಗಳೂ ಧರ್ಮಸಭೆಗೆ ಸಮಾನವಾಗಿ ಅಗತ್ಯವೆಂದು ಸ್ಪಷ್ಟಪಡಿಸಿತು.

2021ರಲ್ಲಿ ಎರಡು ಮುಖ್ಯ ನಿರ್ಧಾರಗಳು ಹೊರಬಿದ್ದವು. ಜನವರಿಯಲ್ಲಿ, ಅಧಿಕೃತವಾಗಿ ನೇಮಕಗೊಂಡ ವಾಚಕ ಮತ್ತು ಪೀಠಸೇವಕ ಎಂಬ ಸೇವೆಗಳನ್ನು ಸ್ತ್ರೀಯರಿಗೂ ತೆರೆಯಲಾಯಿತು. ಮೇ ತಿಂಗಳಿನಲ್ಲಿ ಉಪದೇಶಿಯ ಕೆಲಸವನ್ನು ಧರ್ಮಾಧ್ಯಕ್ಷರು ವಿಧಿಪೂರ್ವಕವಾಗಿ ವಹಿಸಿಕೊಡುವ ಸ್ಥಿರ ಸೇವೆಯನ್ನಾಗಿ ಸ್ಥಾಪಿಸಲಾಯಿತು. ನಮ್ಮ ಹಳ್ಳಿಗಳ ಹಳೆಯ ಉಪದೇಶಿಗೆ ರೋಮಾಪುರಿ ಕೊನೆಗೂ ಮಾನ್ಯತೆ ನೀಡಿತೆಂದೇ ಇದನ್ನು ತಿಳಿಯಬಹುದು. ಆದರೆ ಈ ಅವಕಾಶವನ್ನು ನಾವೆಷ್ಟು ಬಳಸಿಕೊಂಡಿದ್ದೇವೆ? ನಮ್ಮ ಜ್ಞಾನೋಪದೇಶ ತರಗತಿಗಳನ್ನು ವರ್ಷಗಟ್ಟಲೆ ನಡೆಸುವವರಲ್ಲಿ ಹೆಚ್ಚಿನವರು ಕನ್ಯಾಸ್ತ್ರೀಯರು, ಶಿಕ್ಷಕಿಯರು, ತಾಯಂದಿರು. ಅವರ ಸೇವೆಗೆ ಹೆಸರಿಲ್ಲ, ತರಬೇತಿ ಸಾಲದು, ಸಮಿತಿಯ ಮೇಜಿನಲ್ಲಿ ಸ್ಥಾನವೂ ಅಪರೂಪ. ರೋಮನ್ನರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲರು ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ಎಷ್ಟು ಗೌರವದಿಂದ ಪರಿಚಯಿಸುತ್ತಾರೆಂಬುದನ್ನು ನಾವು ನೆನೆಯಬೇಕು.

ಧರ್ಮಸಭೆಯ 1983ರ ಕಾನೂನು ಸಂಹಿತೆಯಲ್ಲಿ ಒಂದು ವಿಚಿತ್ರ ಸಂಗತಿಯಿದೆ. ಧರ್ಮಕೇಂದ್ರದ ಹಣಕಾಸು ಸಮಿತಿ ಅಲ್ಲಿ ಕಡ್ಡಾಯ. ಪಾಲನಾ ಸಮಿತಿಯಾದರೋ ಧರ್ಮಾಧ್ಯಕ್ಷರು ಉಚಿತವೆಂದು ಕಂಡಲ್ಲಿ ಮಾತ್ರ, ಅದೂ ಸಲಹೆ ನೀಡುವಷ್ಟಕ್ಕೆ. ದುಡ್ಡಿನ ಲೆಕ್ಕಕ್ಕೆ ಸಮಿತಿ ಬೇಕೇಬೇಕು, ಆತ್ಮಗಳ ಲೆಕ್ಕಕ್ಕೆ ಇದ್ದರೆ ಇರಲಿ ಎಂಬಂತೆ ಇದು ತೋರುತ್ತದೆ. 2024ರ ಸಿನೊಡ್ ಅಧಿವೇಶನ ಇಂತಹ ಪರಿಷತ್ತುಗಳನ್ನು ಕಡ್ಡಾಯಗೊಳಿಸಬೇಕೆಂದು ಒತ್ತಾಯಿಸಿತು. ಐವತ್ತಕ್ಕೂ ಹೆಚ್ಚು ಮಹಿಳೆಯರು ಮತದಾನದ ಹಕ್ಕಿನೊಡನೆ ಪಾಲ್ಗೊಂಡಿದ್ದ ಆ ಸಭೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ನೆರೆಯ ಸಭೆಗಳಿಂದ ಕಲಿಯಬೇಕಾದದ್ದು

ಇತರ ಕ್ರೈಸ್ತ ಸಭೆಗಳು ಈ ಪ್ರಶ್ನೆಯನ್ನು ತಂತಮ್ಮ ರೀತಿಯಲ್ಲಿ ಉತ್ತರಿಸಿಕೊಂಡಿವೆ. 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಬಿಷಪ್, ಸಭಾಪಾಲಕ, ಡೀಕನ್ ಎಂಬ ಮೂರು ಹಂತಗಳುಂಟು. ಜೊತೆಗೆ ಚುನಾಯಿತ ಶ್ರೀಸಾಮಾನ್ಯರಿಗೂ ಅದರ ಆಡಳಿತದಲ್ಲಿ ದೊಡ್ಡ ಪಾಲುಂಟು. 2013ರಲ್ಲಿ ಅದು ನಂದ್ಯಾಲದಲ್ಲಿ ಪುಷ್ಪಲಲಿತಾ ಅವರನ್ನು ತನ್ನ ಮೊದಲ ಮಹಿಳಾ ಬಿಷಪ್ ಆಗಿ ಪಡೆಯಿತು. ಚುನಾವಣೆಯಿಂದ ಭಾಗವಹಿಸುವಿಕೆ ಹೆಚ್ಚುತ್ತದೆ, ನಿಜ. ಬಣ ರಾಜಕೀಯ ಮತ್ತು ಕೋರ್ಟು ಕಚೇರಿಯ ಅಲೆದಾಟವೂ ಅದರ ಬೆನ್ನಿಗೆ ಬರಬಹುದೆಂಬುದನ್ನು ಆ ಸಭೆಯ ಹಿತಚಿಂತಕರೇ ಒಪ್ಪುತ್ತಾರೆ.

ಪೆಂತೆಕೊಸ್ತ ಸಭೆಗಳಲ್ಲಿ ಇದಕ್ಕೆ ವಿರುದ್ಧವಾದ ಚಿತ್ರ. ಅಲ್ಲಿ ವರವೇ ಮೊದಲು. ಬೋಧಿಸುವ ಶಕ್ತಿ ಕಂಡವನು ಪಾಸ್ಟರಾಗುತ್ತಾನೆ, ಜನ ಸೇರಿದಲ್ಲಿ ಸಭೆಯಾಗುತ್ತದೆ. ಬಡವರ ಬಾಗಿಲಿಗೆ ಅವರು ಬೇಗ ತಲುಪುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ, ರೋಗಿಯ ಬಳಿ ಕೂರುತ್ತಾರೆ. ಇದನ್ನು ನಾವು ಮತ್ಸರವಿಲ್ಲದೆ ಒಪ್ಪಿಕೊಳ್ಳಬೇಕು. ಆದರೆ ವರ ಒಬ್ಬ ವ್ಯಕ್ತಿಗೆ ಅಂಟಿಕೊಂಡಾಗ ಆತನನ್ನು ಪ್ರಶ್ನಿಸುವವರು ಯಾರು? ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ತೋರಿಸಿದಂತೆ, ವ್ಯಕ್ತಿಯ ವರ್ಚಸ್ಸಿನ ಮೇಲೆ ನಿಂತ ನಾಯಕತ್ವ ಆತನ ನಂತರ ಒಂದೋ ಕುಸಿಯುತ್ತದೆ, ಇಲ್ಲವೇ ನಿಯಮಗಳ ಚೌಕಟ್ಟಿಗೆ ಬಂದು ಸೇರುತ್ತದೆ. ಚೌಕಟ್ಟಿಲ್ಲದ ವರ್ಚಸ್ಸು ಎಷ್ಟು ಅಪಾಯಕರವೋ ವರವಿಲ್ಲದ ಚೌಕಟ್ಟು ಅಷ್ಟೇ ನಿರ್ಜೀವ.

ಕಥೋಲಿಕರಲ್ಲೂ 1967ರಲ್ಲಿ ಅಮೆರಿಕದಲ್ಲಿ ಆರಂಭವಾದ ಆತ್ಮೋಜ್ಜೀವನ ಚಳವಳಿ ಕೆಲವೇ ವರ್ಷಗಳಲ್ಲಿ ಭಾರತಕ್ಕೂ ಬಂತು. ಕೇರಳದ ಪೋಟಾ ಮತ್ತು ಮುರಿಙ್ಙೂರು, ನಮ್ಮ ಕರಾವಳಿಯ ಮುಲ್ಕಿಯ ಡಿವೈನ್ ಕಾಲ್ ಸೆಂಟರ್ ಮುಂತಾದ ಧ್ಯಾನಕೇಂದ್ರಗಳಿಗೆ ನಮ್ಮ ಭಾಗದವರೂ ಹೋಗಿ ಬರುತ್ತಾರೆ. ಅನೇಕರು ಅಲ್ಲಿಂದ ಕುಡಿತ ಬಿಟ್ಟು, ಮುರಿದ ಮನಸ್ಸು ಕೂಡಿಸಿಕೊಂಡು ಬಂದಿದ್ದಾರೆ. ಹಾಗೆ ಬಂದವರಿಗೆ ಊರಿನ ಧರ್ಮಕೇಂದ್ರ ಯಾವ ಕೆಲಸವನ್ನು ವಹಿಸುತ್ತದೆ ಎಂಬುದೇ ಪ್ರಶ್ನೆ. ಕಾದ ಕಬ್ಬಿಣವನ್ನು ಬಡಿಯದೆ ಬಿಟ್ಟರೆ ಅದು ತಣ್ಣಗಾಗುತ್ತದೆ, ಇಲ್ಲವೇ ಬೇರೊಬ್ಬರ ಕುಲುಮೆ ಸೇರುತ್ತದೆ.

ಪರೀಕ್ಷೆಯ ಮಾನದಂಡ

ವರವನ್ನು ಪರೀಕ್ಷಿಸುವುದು ಹೇಗೆ? ಪೌಲರ ಪತ್ರದಿಂದಲೇ ನಾಲ್ಕು ಪ್ರಶ್ನೆಗಳನ್ನು ಆಯ್ದುಕೊಳ್ಳಬಹುದು. ಇದು ಯೇಸುವನ್ನು ಪ್ರಭುವೆಂದು ಮೆರೆಸುತ್ತದೆಯೋ, ಮಾತನಾಡುವವನನ್ನು ಮೆರೆಸುತ್ತದೆಯೋ? ಇದರಿಂದ ಎಲ್ಲರಿಗೂ ಹಿತವಿದೆಯೋ, ಕೆಲವರಿಗಷ್ಟೇ ಲಾಭವೋ? ಇದು ಪ್ರೀತಿಯನ್ನು ಬೆಳೆಸುತ್ತದೆಯೋ, ಮನೆಮನೆಗಳ ನಡುವೆ ಬಿರುಕು ತರುತ್ತದೆಯೋ? ವರ ಪಡೆದವನು ಇತರರು ತನ್ನ ಮಾತನ್ನು ತೂಗಿ ನೋಡಲು ಒಪ್ಪುತ್ತಾನೆಯೋ, ಇಲ್ಲವೋ? ಪ್ರವಾದಿಗಳು ಇಬ್ಬರೋ ಮೂವರೋ ಮಾತನಾಡಲಿ, ಉಳಿದವರು ವಿವೇಚಿಸಲಿ ಎಂಬುದು ಕೊರಿಂಥದವರಿಗೆ ಪೌಲರು ವಿಧಿಸಿದ ಶಿಸ್ತು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಪ್ರಾರ್ಥಿಸಿದ ಮೇಲೆ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ನಿಲ್ಲಿಸಿ, ಆಸ್ಪತ್ರೆಗೆ ಹೋಗುವುದು ಅವಿಶ್ವಾಸ ಎಂದು ಹೇಳುವವನಲ್ಲಿರುವುದು ಗುಣಪಡಿಸುವ ವರವಲ್ಲ, ಅವಿವೇಕ. ವೈದ್ಯನನ್ನೂ ಔಷಧಿಯನ್ನೂ ದೇವರೇ ಕೊಟ್ಟರೆಂದು ಸಿರಾಖನ ಗ್ರಂಥ ನಮಗೆ ಕಲಿಸುತ್ತದೆ. ಹಾಗೆಯೇ ಪ್ರಾರ್ಥನೆಗೆ ದರ ನಿಗದಿಪಡಿಸುವವರಿಂದಲೂ ದೂರವಿರಬೇಕು. ಉಚಿತವಾಗಿ ಪಡೆದದ್ದನ್ನು ಉಚಿತವಾಗಿಯೇ ಕೊಡಬೇಕೆಂಬುದು ಪ್ರಭುವಿನ ಆಜ್ಞೆ. ಇದೇ ಪರೀಕ್ಷೆ ಅಧಿಕಾರದಲ್ಲಿರುವವರಿಗೂ ಅನ್ವಯಿಸುತ್ತದೆ. ಗುರುವಿನ ತೀರ್ಮಾನವನ್ನೂ ಸಮಿತಿಯ ಠರಾವನ್ನೂ ಈ ನಾಲ್ಕು ಪ್ರಶ್ನೆಗಳ ಮುಂದೆ ನಿಲ್ಲಿಸಬೇಕು.

ನೀರುಗಂಟಿಯ ನಾಯಕತ್ವ

ಕಡೂರು ಸೀಮೆ ಕೆರೆಗಳ ಸೀಮೆ. ಮದಗದ ಕೆರೆಯ ಹೆಸರು ಜನಪದ ಹಾಡಿನಿಂದಾಗಿ ನಾಡಿಗೆಲ್ಲ ಪರಿಚಿತ. ಅಯ್ಯನಕೆರೆಯ ವೈಶಾಲ್ಯವನ್ನು ಕಂಡವರು ಮರೆಯಲಾರರು. ಇಂತಹ ಕೆರೆಗಳ ನೀರನ್ನು ಗದ್ದೆಗಳಿಗೆ ಹಂಚಲು ನಮ್ಮ ಹಿರಿಯರು ನೀರುಗಂಟಿಯನ್ನು ನೇಮಿಸುತ್ತಿದ್ದರು. ನೀರು ಅವನದಲ್ಲ, ಮಳೆ ಅವನ ಕೈಯಲ್ಲಿಲ್ಲ, ಗದ್ದೆಯೂ ಬೇರೆಯವರದು. ತೂಬನ್ನು ಯಾವಾಗ ಎತ್ತಬೇಕು, ಯಾವ ಕಾಲುವೆಗೆ ಎಷ್ಟು ಹೊತ್ತು ಹರಿಸಬೇಕು ಎಂಬುದು ಮಾತ್ರ ಅವನ ಹೊಣೆ. ಕೆರೆಯ ಹತ್ತಿರದ ಗದ್ದೆಗೆ ನೀರು ತಾನಾಗಿಯೇ ಹೋಗುತ್ತದೆ. ಕೊನೆಯ ಗದ್ದೆಗೂ ತಲುಪಿತ್ತೇ ಎಂಬುದರ ಮೇಲೆ ಅವನ ಹೆಸರು ನಿಲ್ಲುತ್ತಿತ್ತು. ಧರ್ಮಕೇಂದ್ರದ ಗುರುವಿನ ಅಧಿಕಾರವನ್ನೂ ಇದೇ ಅಳತೆಯಿಂದ ಅಳೆಯಬೇಕು. ವರಗಳನ್ನು ಸುರಿಸುವವರು ದೇವರು. ತೂಬನ್ನು ಮುಚ್ಚಿಟ್ಟು ಏರಿಯ ಮೇಲೆ ಕುಳಿತವನು ನೀರುಗಂಟಿಯಲ್ಲ. ತೂಬನ್ನು ತೆರೆದು ಮನೆಗೆ ಹೋಗಿ ಮಲಗಿದವನೂ ಅಲ್ಲ.

ಗುರುಗಳ ಆತಂಕವನ್ನು ನಾನು ಬಲ್ಲೆ: ಶ್ರೀಸಾಮಾನ್ಯರಿಗೆ ಅಧಿಕಾರ ಕೊಟ್ಟರೆ ಪಂಚಾಯಿತಿ ಚುನಾವಣೆಯ ಜಗಳ ಗರ್ಭಗುಡಿಗೆ ಬಂದೀತು. ಶ್ರೀಸಾಮಾನ್ಯರ ಆತಂಕವೂ ಗೊತ್ತು: ಕೆಲವು ವರ್ಷಗಳಿಗೊಮ್ಮೆ ಗುರುಗಳು ಬದಲಾಗುತ್ತಾರೆ, ಹಿಂದಿನವರು ಕಟ್ಟಿದ್ದನ್ನು ಮುಂದಿನವರು ಕೆಡವುತ್ತಾರೆ. ಎರಡೂ ಆತಂಕಗಳಲ್ಲಿ ಸತ್ಯಾಂಶವಿದೆ. ಎರಡಕ್ಕೂ ಮದ್ದು ಒಂದೇ: ಸೇವೆಗಳನ್ನು ಸ್ಪಷ್ಟವಾಗಿ ಹೆಸರಿಸಿ, ತರಬೇತಿ ಕೊಟ್ಟು, ನಿಶ್ಚಿತ ಅವಧಿಗೆ, ಸಮುದಾಯದ ಎದುರಿನಲ್ಲಿ ವಹಿಸಿಕೊಡುವುದು.

ಅದಕ್ಕಾಗಿ ಕೆಲವು ಸಲಹೆಗಳನ್ನು ನಮ್ಮ ಭಾಗದ ಧರ್ಮಕೇಂದ್ರಗಳ ಮುಂದಿಡಬಯಸುತ್ತೇನೆ. ಪ್ರತಿ ಹಳ್ಳಿಯಲ್ಲೂ ಸಾವಿನ ಮನೆಯ ಪ್ರಾರ್ಥನೆ, ರೋಗಿಗಳ ಭೇಟಿ, ಮಕ್ಕಳ ಉಪದೇಶ ಇವುಗಳಿಗೆ ಒಬ್ಬೊಬ್ಬರನ್ನಾದರೂ ಗುರುತಿಸಬೇಕು. ಆರಿಸುವ ಮುನ್ನ 'ಕಷ್ಟ ಬಂದಾಗ ನೀವು ಯಾರ ಬಳಿ ಹೋಗುತ್ತೀರಿ' ಎಂದು ಜನರನ್ನೇ ಕೇಳಬೇಕು. ಮರಣಾಪಾಯದಲ್ಲಿ ಯಾರು ಬೇಕಾದರೂ ದೀಕ್ಷಾಸ್ನಾನ ನೀಡಬಹುದೆಂಬುದು ಧರ್ಮಸಭೆಯ ನಿಯಮ. ಅದರ ಕ್ರಮವನ್ನು ಪ್ರತಿ ಹಳ್ಳಿಯಲ್ಲಿ ಇಬ್ಬರಿಗಾದರೂ ಕಲಿಸಬೇಕು. ಪಾಲನಾ ಸಮಿತಿಯಲ್ಲಿ ಪ್ರತಿಯೊಂದು ಮನೆಮಾತಿನವರಿಗೂ, ದೂರದ ಹಳ್ಳಿಗಳಿಗೂ, ಸ್ತ್ರೀಯರಿಗೂ ಸ್ಥಾನವಿರಬೇಕು, ಅವಧಿಗೆ ಮಿತಿಯಿರಬೇಕು. ಪ್ರಾರ್ಥನಾ ಕೂಟದ ಮುಂದಾಳುಗಳು ಸಮಿತಿಯ ಹೊರಗೆ ಉಳಿಯಬಾರದು, ಅದರ ಮೇಲೆಯೂ ಕೂರಬಾರದು. ಕಡೂರು, ತರೀಕೆರೆ, ಅಜ್ಜಂಪುರಗಳ ಉಪದೇಶಿಗಳೆಲ್ಲ ವರ್ಷಕ್ಕೆರಡು ಬಾರಿಯಾದರೂ ಒಂದೆಡೆ ಸೇರಿ ಕಲಿಯುವಂತಾಗಬೇಕು. ಯಾರಿಗೆ ಯಾವ ಸೇವೆ ಒಪ್ಪಿಸಲಾಗಿದೆ ಎಂಬುದು ಧರ್ಮಕೇಂದ್ರದ ದಾಖಲೆಯಲ್ಲಿ ಬರೆದಿರಬೇಕು. ಗುರುಗಳು ಬದಲಾದಾಗ ಆ ದಾಖಲೆ ಹೊಸಬರ ಕೈಗೆ ಮೊದಲ ದಿನವೇ ಸಿಗಬೇಕು.

ಮೋಶೆಯ ಕಾಲದಲ್ಲಿ ಎಪ್ಪತ್ತು ಮಂದಿ ಹಿರಿಯರ ಮೇಲೆ ಆತ್ಮರು ಇಳಿದಾಗ, ಗುಡಾರದ ಬಳಿ ಬರದೆ ಪಾಳೆಯದಲ್ಲೇ ಉಳಿದ ಎಲ್ದಾದ, ಮೇದಾದ ಎಂಬ ಇಬ್ಬರೂ ಪ್ರವಾದಿಸತೊಡಗಿದರು. ಅವರನ್ನು ತಡೆಯಬೇಕೆಂದು ಯೆಹೋಶುವ ಬೇಡಿದ. ಮೋಶೆ ತಡೆಯಲಿಲ್ಲ, ದೇವಜನರೆಲ್ಲರೂ ಪ್ರವಾದಿಗಳಾದರೆ ಎಷ್ಟು ಚೆನ್ನ ಎಂಬ ಅರ್ಥದ ಮಾತನ್ನಾಡಿದ. ನಮ್ಮ ಹಳ್ಳಿಗಳಲ್ಲೂ ಪಟ್ಟಿಯಲ್ಲಿಲ್ಲದ ಎಲ್ದಾದರು, ಮೇದಾದರು ಇದ್ದಾರೆ. 2028ಕ್ಕೆ ಇನ್ನು ಬಹಳ ಕಾಲ ಉಳಿದಿಲ್ಲ. ಅಷ್ಟರೊಳಗೆ ಅವರನ್ನು ಹುಡುಕಿ, ಹೆಸರು ಹಿಡಿದು ಕರೆದು, ಕೆಲಸ ಒಪ್ಪಿಸಿದರೆ, ರೋಮಿಗೆ ಕಳುಹಿಸಲು ನಮ್ಮ ಬಳಿ ವರದಿಯೂ ಇರುತ್ತದೆ, ರಾತ್ರಿ ಹತ್ತು ಗಂಟೆಯ ಸಾವಿನ ಮನೆಯಲ್ಲಿ ಪ್ರಾರ್ಥಿಸಲು ಒಂದು ಕಂಠವೂ ಇರುತ್ತದೆ.